ಪ್ಲೈವುಡ್ ದೋಣಿಗೆ ಮನೆಯಲ್ಲೇ ಸೀಲರ್ ಮಾಡಿದರೆ ಸಾಕಾ?

ಪ್ರಶ್ನೆ: ನಮ್ಮದು ಸಾಗರ ತಾಲೂಕಿನ ಶರಾವತಿ ಹಿನ್ನೀರಿನ ಬದಿಯ ಊರು. ತೋಟದ ಒಂದು ತುಂಡು ನೀರಿನ ಆಚೆ ದಡದಲ್ಲಿದೆ. ದಾಟುವುದಕ್ಕೆ 12 ಅಡಿ ಉದ್ದದ, ಚಪ್ಪಟೆ ತಳದ ಒಂದು ದೋಣಿಯನ್ನು ಪ್ಲೈವುಡ್‌ನಲ್ಲಿ ನಾವೇ ಮಾಡಿಕೊಳ್ಳುತ್ತಿದ್ದೇವೆ. ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ರೇಟು ಕೇಳಿ ಗಾಬರಿಯಾಯಿತು. ಅಗಸೆ ಎಣ್ಣೆ, ಟರ್ಪಂಟೈನ್, ವಾರ್ನಿಷ್ ಸೇರಿಸಿ ಮನೆಯಲ್ಲೇ ಸೀಲರ್ ಮಾಡಿ, ಮೇಲೆ ವಾರ್ನಿಷ್ ಹೊಡೆದರೆ ಸಾಕಾ? ಪಕ್ಕದ ಮನೆಯವರು ಗೇರು ಎಣ್ಣೆ ಹಚ್ಚಿ ಅನ್ನುತ್ತಾರೆ. ಒಂದು ವಿಡಿಯೋದಲ್ಲಿ ಥರ್ಮಾಕೋಲ್ ಕರಗಿಸಿ ಹಚ್ಚುವುದನ್ನೂ ನೋಡಿದೆ. ಯಾವುದು ಸರಿ?

ಉತ್ತರ: ದಾಟುವಾಗ ಮಾತ್ರ ನೀರಿಗಿಳಿಸಿ, ಸಂಜೆ ದಡಕ್ಕೆ ಎಳೆದು ಮಗುಚಿ ಇಡುವ ದೋಣಿಯಾದರೆ ನಿಮ್ಮ ಸೀಲರ್, ಮೇಲೆ ವಾರ್ನಿಷ್, ಅಂಚಿಗಷ್ಟೇ ಸ್ವಲ್ಪ ಎಪಾಕ್ಸಿ, ಇಷ್ಟು ಸಾಕು. ತಿಂಗಳುಗಟ್ಟಲೆ ನೀರಿನಲ್ಲೇ ಕಟ್ಟಿಹಾಕಿ ಇಡುತ್ತೀರಾದರೆ ಮನೆಯಲ್ಲಿ ಮಾಡಿದ ಯಾವ ಮಿಶ್ರಣವೂ ಸಾಲುವುದಿಲ್ಲ. ಯಾಕೆಂದರೆ ಎಣ್ಣೆಯಾಗಲಿ ವಾರ್ನಿಷ್ ಆಗಲಿ ನೀರನ್ನು ಪೂರ್ತಿ ತಡೆಯುವುದಿಲ್ಲ, ಒಳಗೆ ಹೋಗುವುದನ್ನು ನಿಧಾನ ಮಾಡುತ್ತವೆ ಅಷ್ಟೆ. ಹಗಲು ಒಳಗೆ ಹೋದ ಅಷ್ಟಿಷ್ಟು ಪಸೆ ರಾತ್ರಿ ಹೊರಗೆ ಬಂದುಬಿಟ್ಟರೆ ಮರ ಬದುಕುತ್ತದೆ. ಹಾಗಾಗಿ ಏನು ಹಚ್ಚಬೇಕು ಅನ್ನುವುದಕ್ಕಿಂತ ಮೊದಲು ನೀರು ಎಲ್ಲಿಂದ ಒಳಗೆ ಹೋಗುತ್ತದೆ, ಹೇಗೆ ಹೊರಗೆ ಬರುತ್ತದೆ ಅಂತ ನೋಡಬೇಕು.

ಅದಕ್ಕೂ ಮುಂಚೆ ಹಲಗೆ. ನೀವು ಯಾವ ಪ್ಲೈವುಡ್ ತಂದಿದ್ದೀರಿ ಅಂತ ಬರೆದೇ ಇಲ್ಲ!

ನನ್ನ ಮೊದಲನೇ ದೋಣಿಯ ಕತೆ ಹೇಳಿಬಿಡುತ್ತೇನೆ. ಅಂಗಡಿಯವರು ‘ವಾಟರ್‌ಪ್ರೂಫ್ ಸಾರ್, ಕಣ್ಣುಮುಚ್ಚಿ ತಗೊಳ್ಳಿ’ ಅಂದರು. ನಾನೂ ಕಣ್ಣು ಮುಚ್ಚಿಯೇ ತಗೊಂಡೆ. ಆರು ಕೋಟು ವಾರ್ನಿಷ್ ಹೊಡೆದು ಕನ್ನಡಿ ಥರ ಹೊಳೆಯುವ ಹಾಗೆ ಮಾಡಿದ್ದೆ. ಮೂರನೇ ತಿಂಗಳಿಗೆ ತಳ ಹಪ್ಪಳದ ಹಾಗೆ ಉಬ್ಬಿತು. ಉಗುರು ಹಾಕಿ ಎಳೆದರೆ ಮೇಲಿನ ಪದರ ಬಾಳೆಪಟ್ಟೆ ಸುಲಿದ ಹಾಗೆ ಎದ್ದು ಬರುತ್ತಿತ್ತು. ವಾರ್ನಿಷ್ ಮಾತ್ರ ಇನ್ನೂ ಚೆನ್ನಾಗಿಯೇ ಇತ್ತು. ತಪ್ಪು ಗೋಂದಿನದು.

ಪ್ಲೈವುಡ್‌ನ ಪದರಗಳನ್ನು ಎರಡು ಬಗೆಯ ಗೋಂದಿನಲ್ಲಿ ಅಂಟಿಸುತ್ತಾರೆ. ಎಂಆರ್ (ತೇವ ತಡೆಯುವ) ಅಂತ ಬರುವುದು, ಅಂದರೆ ಅಂಗಡಿಯಲ್ಲಿ ‘ಕಮರ್ಷಿಯಲ್’ ಅನ್ನುವ ಹಲಗೆ, ಯೂರಿಯಾ ಗೋಂದಿನದು. ಅದು ಗಾಳಿಯ ತೇವವನ್ನು ತಡೆದುಕೊಳ್ಳುತ್ತದೆ, ನೀರಿನಲ್ಲಿ ನಿಲ್ಲುವುದಿಲ್ಲ. ಕುದಿನೀರು ತಡೆಯುವ ಬಿಡಬ್ಲ್ಯೂಆರ್ ಮತ್ತು ಬಿಡಬ್ಲ್ಯೂಪಿ ಹಲಗೆಗಳದ್ದು ಫಿನಾಲ್ ಗೋಂದು. ದೋಣಿಗೆ ಬೇಕಾದದ್ದು ಐಎಸ್ 710 (ಭಾರತೀಯ ಮಾನದಂಡದ ನಂಬರ್) ಅಂತ ಮುದ್ರೆ ಇರುವ ಮೆರೀನ್ ಹಲಗೆ. ಆ ಮಾನದಂಡದ ಪ್ರಕಾರ ತುಂಡನ್ನು 72 ಗಂಟೆ ಕುದಿಸಿದರೂ ಪದರ ಬಿಡಬಾರದು. ಮುದ್ರೆಯ ಹತ್ತಿರ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ನಂಬರ್ ನಿಜವಾ ಸುಳ್ಳಾ ಗೊತ್ತಾಗುತ್ತದೆ.

ಈಗಾಗಲೇ ಹಲಗೆ ತಂದಾಗಿದ್ದರೆ ಮನೆಯಲ್ಲೇ ಪರೀಕ್ಷೆ ಮಾಡಿ. ನಮ್ಮ ಕಡೆ ಬಚ್ಚಲ ಒಲೆ ಹೇಗೂ ಉರಿಯುತ್ತಿರುತ್ತದಲ್ಲ. ಅಂಗೈಯಗಲದ ತುಂಡನ್ನು ಒಂದು ಹಳೇ ಪಾತ್ರೆಯಲ್ಲಿ ಹಾಕಿ, ಮೇಲೊಂದು ಕಲ್ಲಿಟ್ಟು ಮುಳುಗಿಸಿ, ನಾಲ್ಕೈದು ಗಂಟೆ ಕುದಿಸಿ. ಅಡುಗೆ ಪಾತ್ರೆ ಬೇಡ. ತೆಗೆದು ಒಣಗಿಸಿ, ಅಂಚಿಗೆ ಚಾಕು ತೂರಿಸಿ ತಿರುಚಿ. ಎಂಆರ್ ಹಲಗೆಯಾದರೆ ಅಷ್ಟರೊಳಗೇ ಬಿಟ್ಟುಕೊಂಡಿರುತ್ತದೆ. ಹಾಗೆಯೇ ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಒಳಪದರಗಳ ನಡುವೆ ಪೊಳ್ಳು ಕಂಡರೆ ಆ ಜಾಗ ದೋಣಿಯ ತಳಕ್ಕೆ ಬೇಡ. ಪೊಳ್ಳಿನಲ್ಲಿ ನೀರು ಸೇರಿದರೆ ಹೊರಗೆ ಬರುವ ದಾರಿಯೇ ಇರುವುದಿಲ್ಲ.

ಈಗ ನೀರು ಎಲ್ಲಿಂದ ಹೋಗುತ್ತದೆ ಅನ್ನುವುದಕ್ಕೆ ಬರೋಣ. ಒಂದು ತಟ್ಟೆಯಲ್ಲಿ ಕಡುವಾದ ಚಹಾದ ಡಿಕಾಕ್ಷನ್ ಹಾಕಿ, ಏನೂ ಹಚ್ಚದ ಪ್ಲೈ ತುಂಡನ್ನು ಅಂಚು ಮುಳುಗುವ ಹಾಗೆ ನಿಲ್ಲಿಸಿ. ಮರುದಿನ ಸೀಳಿ ನೋಡಿ. ಒಂದು ಪದರದಲ್ಲಿ ಬಣ್ಣ ಮೇಲೇರಿರುತ್ತದೆ, ಪಕ್ಕದ ಪದರದಲ್ಲಿ ಅಷ್ಟಾಗಿ ಏರಿರುವುದಿಲ್ಲ. ಮರದ ಎಳೆ ಅಂದರೆ ಸಣ್ಣ ಸಣ್ಣ ಕೊಳವೆಗಳ ಕಂತೆ. ಕೊಳವೆಯ ಬಾಯಿ ನೀರಿಗೆ ತಾಗಿದರೆ ಹೀರುತ್ತದೆ, ಕೊಳವೆಯ ಬೆನ್ನು ತಾಗಿದರೆ ಅಷ್ಟು ಹೀರುವುದಿಲ್ಲ. ಪ್ಲೈವುಡ್‌ನಲ್ಲಿ ಪದರಗಳು ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಇರುವುದರಿಂದ ನಾಲ್ಕೂ ಅಂಚಿನಲ್ಲಿ ಯಾವುದಾದರೂ ಪದರದ ಬಾಯಿ ತೆರೆದೇ ಇರುತ್ತದೆ. ಸ್ಕ್ರೂ ಹೊಡೆದ ಪ್ರತಿ ತೂತಿನೊಳಗೂ ಅದೇ ಕತೆ. ಜನ ಅಗಲವಾದ ಮುಖಕ್ಕೆ ಆರು ಕೋಟು ಹೊಡೆದು, ಅಂಚಿಗೆ ಬ್ರಷ್ಷಿನಲ್ಲಿ ಒಂದು ಸಲ ಸವರಿ ಬಿಡುತ್ತಾರೆ. ಮಾಡಬೇಕಾದದ್ದು ಉಲ್ಟಾ.

ಆದ್ದರಿಂದ ನನ್ನ ಸಲಹೆ: ಎಪಾಕ್ಸಿಯನ್ನು ಪೂರ್ತಿ ಬಿಡಬೇಡಿ. ಇಡೀ ದೋಣಿಗೆ ಬೇಡ, ಅಂಚು, ಜೋಡಣೆ, ತೂತು, ಇಷ್ಟಕ್ಕೆ ಮಾತ್ರ ತನ್ನಿ. ಒಂದು ಕಿಲೋ ಒಂದೂವರೆ ಕಿಲೋದಲ್ಲಿ ಮುಗಿಯುತ್ತದೆ. ಆದರೆ ಒಂದು ಕ್ರಮ ಇದೆ, ಅದನ್ನು ತಪ್ಪಬಾರದು. ಎಪಾಕ್ಸಿ ಮೊದಲು, ಎಣ್ಣೆ ಆಮೇಲೆ. ಎಣ್ಣೆ ಕುಡಿದ ಮರಕ್ಕೆ ಎಪಾಕ್ಸಿ ಕಚ್ಚುವುದಿಲ್ಲ, ಬೇರೆ ಗೋಂದೂ ಕಚ್ಚುವುದಿಲ್ಲ. ಜೋಡಣೆ ಎಲ್ಲ ಮುಗಿದು, ಅಂಚಿನ ಎಪಾಕ್ಸಿ ಗಟ್ಟಿಯಾದ ಮೇಲಷ್ಟೇ ನಿಮ್ಮ ಸೀಲರ್ ಡಬ್ಬಿ ತೆರೆಯಿರಿ. ಎಪಾಕ್ಸಿಯ ರೆಸಿನ್ ಮತ್ತು ಹಾರ್ಡನರ್ ಅಳತೆ ಡಬ್ಬಿಯ ಮೇಲೆ ಬರೆದಷ್ಟೇ ಇರಲಿ, ‘ಬೇಗ ಗಟ್ಟಿಯಾಗಲಿ’ ಅಂತ ಹಾರ್ಡನರ್ ಜಾಸ್ತಿ ಹಾಕಬೇಡಿ. ತೆಳುವಾಗಲಿ ಅಂತ ಥಿನ್ನರ್ ಸುರಿಯಲೂ ಬೇಡಿ, ನೀರು ತಡೆಯುವ ಗುಣವೇ ಕಮ್ಮಿಯಾಗುತ್ತದೆ. ನಮ್ಮ ಗಾಳಿಯಲ್ಲಿ ತೇವ ಜಾಸ್ತಿ ಇರುವುದರಿಂದ ಗಟ್ಟಿಯಾದ ಎಪಾಕ್ಸಿಯ ಮೇಲೆ ಒಂದು ಜಿಡ್ಡು ಜಿಡ್ಡು ಪದರ ಕಾಣಬಹುದು. ಅದು ಕೆಟ್ಟಿತು ಅಂತಲ್ಲ. ನೀರು ಹಾಕಿ ಒರಟು ಬಟ್ಟೆಯಿಂದ ಉಜ್ಜಿ ತೊಳೆದು, ಒಣಗಿಸಿ, ಮರಳುಕಾಗದ ಹಾಕಿದರೆ ಆಯ್ತು. ತೊಳೆಯದೆ ಮೇಲೆ ವಾರ್ನಿಷ್ ಹೊಡೆದರೆ ಮಾತ್ರ ಸಿಪ್ಪೆ ಎದ್ದು ಬರುತ್ತದೆ.

ಇನ್ನು ನಿಮ್ಮ ಸೀಲರ್. ಅಗಸೆ ಎಣ್ಣೆ, ವಾರ್ನಿಷ್, ಟರ್ಪಂಟೈನ್ ಸಮಸಮ ಹಾಕುವುದು ಎಲ್ಲ ಕಡೆ ಹೇಳುವ ಅಳತೆ. ಮಲೆನಾಡಿಗೆ ನಾನು ಅದನ್ನು ಒಪ್ಪುವುದಿಲ್ಲ. ಅಗಸೆ ಎಣ್ಣೆ ಆವಿಯಾಗಿ ಒಣಗುವುದಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುವುದು. ಅದು ನಿಧಾನ. ಜೊತೆಗೆ ಬೂಷ್ಟಿಗೆ ಅಗಸೆ ಎಣ್ಣೆ ಅಂದರೆ ಹಬ್ಬದೂಟ. ಜುಲೈ ತಿಂಗಳಲ್ಲಿ ಎಣ್ಣೆ ಜಾಸ್ತಿಯಾದ ಹಲಗೆ ಕಪ್ಪು ಚುಕ್ಕೆ ಹೊಡೆದು ಹೇಗಾಗುತ್ತದೆ ಅಂತ ಚಪ್ಪಲಿ ಗೂಡು ನೋಡಿದವರಿಗೆಲ್ಲ ಗೊತ್ತು. ಹಾಗಾಗಿ ಎರಡು ಲೋಟ ವಾರ್ನಿಷ್, ಎರಡು ಲೋಟ ಟರ್ಪಂಟೈನ್, ಎಣ್ಣೆ ಅರ್ಧ ಲೋಟ. ಅಷ್ಟು ಸಾಕು.

ಎಣ್ಣೆ ಅಂದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ‘ಬಾಯ್ಲ್ಡ್ ಲಿನ್‌ಸೀಡ್’ ಅಂತ ಸಿಗುವುದು. ಗಾಣದ ಅಗಸೆ ಎಣ್ಣೆ ತಂದು ಒಲೆ ಮೇಲೆ ಕುದಿಸಲು ಹೋಗಬೇಡಿ ಮಾರಾಯ್ರೆ. ಅಂಗಡಿಯದಕ್ಕೆ ಬೇಗ ಒಣಗಲಿ ಅಂತ ಲೋಹದ ಲವಣ ಸೇರಿಸಿರುತ್ತಾರೆ. ಅದು ಒಲೆಯಿಂದ ಬರುವುದಿಲ್ಲ. ಬೆಂಕಿ ಮಾತ್ರ ಬರಬಹುದು. ಟರ್ಪಂಟೈನ್ ಬದಲು ಎನ್‌ಸಿ ಥಿನ್ನರ್ (ನೈಟ್ರೋಸೆಲ್ಯುಲೋಸ್ ಲ್ಯಾಕರ್‌ಗೆ ಬೆರೆಸುವುದು) ಕೊಟ್ಟರೆ ತಗೊಳ್ಳಬೇಡಿ, ಎಣ್ಣೆ ವಾರ್ನಿಷ್ ಜೊತೆ ಅದು ಹೊಂದುವುದಿಲ್ಲ.

ಈ ಸೀಲರ್‌ನಿಂದ ಏನಾಗುತ್ತದೆ, ಏನಾಗುವುದಿಲ್ಲ ಅನ್ನುವುದೂ ತಿಳಿದಿರಲಿ. ತೆಳುವಾಗಿರುವುದರಿಂದ ಮರದೊಳಗೆ ಇಳಿಯುತ್ತದೆ. ಅಗಲದ ಮುಖದಲ್ಲಿ ಇಳಿಯುವುದು ಕೂದಲೆಳೆಯಷ್ಟು, ಅಂಚಿನಲ್ಲಿ ಅದಕ್ಕಿಂತ ಎಷ್ಟೋ ಆಳ. ಆದರೆ ಟರ್ಪಂಟೈನ್ ಹಾರಿಹೋದ ಮೇಲೆ ಅದಿದ್ದ ಜಾಗ ಖಾಲಿ ಬೀಳುತ್ತದೆ. ಹಾಗಾಗಿ ಸೀಲರ್ ಒಂದೇ ಹಚ್ಚಿ ಬಿಟ್ಟರೆ ಅದು ಸೀಲ್ ಅಲ್ಲ. ಮೇಲಿನ ವಾರ್ನಿಷ್‌ಗೆ ಬೇರು ಬಿಟ್ಟುಕೊಟ್ಟ ಹಾಗೆ ಅಷ್ಟೆ. ಹಚ್ಚುವಾಗ ಒಂದು ಕೋಟು ಹೊಡೆದು ಕಾಯಬೇಡಿ. ಹಲಗೆ ಕುಡಿಯುತ್ತಿರುವಷ್ಟು ಹೊತ್ತು ಹಸಿಯ ಮೇಲೇ ಮತ್ತೆ ಮತ್ತೆ ಹಚ್ಚಿ. ಅರ್ಧ ಗಂಟೆ ಬಿಟ್ಟು ಮೇಲೆ ನಿಂತದ್ದನ್ನು ಒಣಬಟ್ಟೆಯಿಂದ ಒರೆಸಿ ತೆಗೆಯಿರಿ. ಒರೆಸದೆ ಬಿಟ್ಟರೆ ಅಂಟಂಟಾಗಿ ವಾರಗಟ್ಟಲೆ ಕಾಡುತ್ತದೆ.

ಆ ಬಟ್ಟೆ! ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಒಂದು ಸಲ ನಾನು ಎಸೆದಿದ್ದೆ. ಊಟ ಮುಗಿಸಿ ಕೈ ತೊಳೆಯಲು ಬಂದರೆ ಕೊಟ್ಟಿಗೆಯ ಕಡೆಯಿಂದ ಸೀದ ಎಣ್ಣೆಯ ವಾಸನೆ. ಹೋಗಿ ನೋಡಿದರೆ ಪ್ಲಾಸ್ಟಿಕ್ ಬುಟ್ಟಿಯಲ್ಲಿದ್ದ ಬಟ್ಟೆ ಮುದ್ದೆ ಹೊಗೆಯಾಡುತ್ತಿತ್ತು. ಬೆಂಕಿಕಡ್ಡಿ, ಬೀಡಿ ಏನೂ ಇಲ್ಲ ಅಲ್ಲಿ. ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗಲಾರದೆ ಏರುತ್ತ ಏರುತ್ತ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಪಕ್ಕದಲ್ಲೇ ಒಣಹುಲ್ಲಿತ್ತು. ಅವತ್ತಿಂದ ಬಟ್ಟೆಯನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸುತ್ತೇನೆ, ಇಲ್ಲದಿದ್ದರೆ ಅಂಗಳದ ಬೇಲಿಯ ಮೇಲೆ ಒಂದೊಂದಾಗಿ ಹರವಿ ಒಣಗಿಸುತ್ತೇನೆ.

ಗೇರು ಎಣ್ಣೆಯ ಬಗ್ಗೆ ನಿಮ್ಮ ಪಕ್ಕದ ಮನೆಯವರು ಹೇಳಿದ್ದು ಸುಳ್ಳಲ್ಲ. ಕರಾವಳಿಯಲ್ಲಿ ಮರದ ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವುದು ಹಳೇ ಪದ್ಧತಿ. ಹುಳ, ಬೂಷ್ಟು ಎರಡಕ್ಕೂ ಅದು ಒಳ್ಳೆಯದೇ. ಇಡೀ ಮರ ಕೊರೆದು ಮಾಡಿದ ದೋಣಿಗೆ, ವರ್ಷ ವರ್ಷ ಹಚ್ಚುತ್ತೇನೆ ಅನ್ನುವವರಿಗೆ ಸರಿ. ಆದರೆ ಅದರ ಮೇಲೆ ವಾರ್ನಿಷ್ ನೆಟ್ಟಗೆ ಒಣಗುವುದಿಲ್ಲ. ಮತ್ತೆ ಚಿಕ್ಕವರಿದ್ದಾಗ ಗೇರುಬೀಜ ಸುಡುವಾಗ ಸಿಡಿದ ರಸ ತಾಗಿ ತುಟಿ, ಬೆರಳು ಬೊಬ್ಬೆ ಎದ್ದದ್ದು ನೆನಪಿದೆಯಲ್ವಾ? ಇದು ಅದೇ ರಸ. ಅರ್ಧ ಒಣಗಿದ ದೋಣಿಯಲ್ಲಿ ಕೂತರೆ ಎಲ್ಲಿ ಬೊಬ್ಬೆ ಏಳುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಗೇರು ಎಣ್ಣೆಯೋ ವಾರ್ನಿಷೋ, ಎರಡರಲ್ಲಿ ಒಂದು. ಪ್ಲೈವುಡ್‌ಗೆ ನನ್ನ ಓಟು ವಾರ್ನಿಷ್‌ಗೆ.

ಥರ್ಮಾಕೋಲನ್ನು ಪೆಟ್ರೋಲಿನಲ್ಲಿ ಕರಗಿಸುವ ವಿಡಿಯೋ ನಾನೂ ನೋಡಿದ್ದೇನೆ. ಕರಗುತ್ತದೆ, ಹೌದು. ಒಣಗಿದ ಮೇಲೆ ಗಾಜಿನ ಹಾಗೆ ಗಡುಸಾಗುತ್ತದೆ. ದೋಣಿಯ ಹಲಗೆ ಬಾಗುತ್ತದೆ, ಉಬ್ಬುತ್ತದೆ, ಕುಗ್ಗುತ್ತದೆ. ಗಡುಸು ಪದರ ಅದರ ಜೊತೆ ಬಾಗಲಾರದೆ ಸೀಳುತ್ತದೆ. ಬಿಸಿಲಿಗೆ ಹಳದಿಯಾಗಿ ಪುಡಿಯಾಗುತ್ತದೆ. ಪೆಟ್ರೋಲ್ ಆವಿಯ ಅಪಾಯ ಬೇರೆ. ಬೇಡ. ಬೇಲಿಗೂಟಕ್ಕೆ ಹಚ್ಚುವ ಸುಟ್ಟ ಆಯಿಲ್ ಸಹ ಬೇಡ. ಅದು ಯಾವತ್ತೂ ಒಣಗುವುದಿಲ್ಲ, ಮೇಲೆ ಬಣ್ಣ ಕೂರುವುದಿಲ್ಲ, ನೀವು ದನಕ್ಕೆ ನೀರು ಕುಡಿಸುವ ಹೊಳೆಗೇ ಹೋಗಿ ಸೇರುತ್ತದೆ. ಬಿಳಿ ಮರದ ಗೋಂದನ್ನು ನೀರಲ್ಲಿ ಕಲಸಿ ಬಳಿಯುವವರಿದ್ದಾರೆ, ಸಾದಾ ಗೋಂದು ನೀರಿಗೆ ಮತ್ತೆ ಹಾಲಿನ ಹಾಗೆ ಮೆತ್ತಗಾಗುತ್ತದೆ. ಅರಗಿನ ಪಾಲಿಶ್ ಸಹ ಅಷ್ಟೆ, ನೀರು ತಾಗಿದರೆ ಬೆಳ್ಳಗಾಗುತ್ತದೆ. ಅಡಿಕೆಗೆ ಹೊಡೆಯುವ ಮೈಲುತುತ್ತ ಶಿಲೀಂಧ್ರಕ್ಕೆ ಒಳ್ಳೆಯದಲ್ವಾ, ಹಲಗೆಗೂ ಹಾಕೋಣ ಅಂತ ಒಬ್ಬರು ಕೇಳಿದ್ದರು. ಬರೀ ಮೈಲುತುತ್ತ ನೀರಿನಲ್ಲಿ ತೊಳೆದು ಹೋಗುತ್ತದೆ, ಕಬ್ಬಿಣದ ಮೊಳೆಯನ್ನೂ ತಿನ್ನುತ್ತದೆ.

ಶಿಲೀಂಧ್ರದ ಮಾತು ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಮುದ್ರದ ದೋಣಿಗೆ ಮರ ಕೊರೆಯುವ ಹುಳದ ಕಾಟ. ಉಪ್ಪುನೀರಿನಲ್ಲಿ ಕೊಳೆರೋಗ ಕಮ್ಮಿ. ನಮ್ಮದು ಸಿಹಿನೀರು. ಇಲ್ಲಿ ಆ ಹುಳ ಇಲ್ಲ, ಕೊಳೆಯುವುದೇ ಶತ್ರು. ಪೂರ್ತಿ ಒಣಗಿದ ಮರದ ತೂಕಕ್ಕೆ ಹೋಲಿಸಿ ಒಳಗಿನ ನೀರು ಶೇ. 20ರ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ವಿಚಿತ್ರ ಅಂದರೆ ದೋಣಿ ಹೆಚ್ಚಾಗಿ ಕೊಳೆಯುವುದು ಕೆಳಗಿನ ಹೊಳೆನೀರಿನಿಂದ ಅಲ್ಲ, ಮೇಲಿಂದ ಬಿದ್ದು ಒಳಗೆ ನಿಂತ ಮಳೆನೀರಿನಿಂದ. ಒಳಮೂಲೆಗಳಲ್ಲಿ, ಕೂರುವ ಹಲಗೆಯ ಕೆಳಗೆ, ಗಾಳಿ ಆಡದ ಕಡೆ. ಆದ್ದರಿಂದ ಒಳಗಿನ ಅಡ್ಡಪಟ್ಟಿಗಳು ತಳಕ್ಕೆ ತಾಗುವಲ್ಲಿ ಬೆರಳು ತೂರುವಷ್ಟು ಕಂಡಿ ಬಿಡಿ, ನೀರು ಒಂದೇ ಕಡೆ ಹರಿದು ಸೇರಲಿ.

ಕೆಲಸಕ್ಕೆ ಕಾಲ ಯಾವುದು? ಜನವರಿಯಿಂದ ಮಾರ್ಚ್. ಅದರಲ್ಲೂ ಹೊತ್ತು ನೋಡಬೇಕು. ಬೆಳಿಗ್ಗೆ ಇಬ್ಬನಿ, ಒಂಬತ್ತು ಗಂಟೆಯಾದರೂ ಹಲಗೆ ತಣ್ಣಗೆ ಪಸೆಪಸೆ. ಹಾಗಂತ ಬಿಸಿಲಲ್ಲಿಟ್ಟು ಹೊಡೆದರೆ ಮರದೊಳಗಿನ ಗಾಳಿ ಹಿಗ್ಗಿ ಹೊರಗೆ ಬರುತ್ತ ವಾರ್ನಿಷ್ ತುಂಬ ಗುಳ್ಳೆ ಎಬ್ಬಿಸುತ್ತದೆ. ನಾನು ಮಾಡುವುದು ಹೀಗೆ: ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಹಲಗೆಗೆ ಬಿಸಿಲು ಕಾಣಿಸುತ್ತೇನೆ. ಆಮೇಲೆ ನೆರಳಿಗೆ ತಂದು, ಅದು ತಣಿಯಲು ಶುರುವಾದಾಗ ಹೊಡೆಯುತ್ತೇನೆ. ತಣಿಯುವ ಮರದೊಳಗಿನ ಗಾಳಿ ಕುಗ್ಗುತ್ತದೆ, ಸೀಲರನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ. ಎರಡು ಗಂಟೆಯೊಳಗೆ ಬ್ರಷ್ ಕೆಳಗಿಡಬೇಕು. ಸಂಜೆ ಇಬ್ಬನಿ ಬೀಳುವಷ್ಟರಲ್ಲಿ ಮೇಲ್ಮೈ ಒಣಗಿರದಿದ್ದರೆ ಹೊಳಪು ಹೋಗಿ ಮಂಜುಮಂಜಾಗುತ್ತದೆ.

ಹಲಗೆ ಒಣಗಿದೆಯಾ ಅಂತ ತಿಳಿಯುವುದು ಸುಲಭ. ಅದೇ ಹಲಗೆಯ ಒಂದು ತುಂಡನ್ನು ದಿನವೂ ತೂಗಿ. ಅಡುಗೆಮನೆಯ ತಕ್ಕಡಿ ಸಾಕು. ಎರಡು ಮೂರು ದಿನ ತೂಕ ಬದಲಾಗದಿದ್ದರೆ ಒಣಗಿದೆ ಅಂತ. ಒದ್ದೆ ಹಲಗೆಗೆ ವಾರ್ನಿಷ್ ಹೊಡೆಯುವುದು ಅಂದರೆ ಕಳ್ಳನನ್ನು ಒಳಗೆ ಬಿಟ್ಟು ಬಾಗಿಲು ಹಾಕಿದ ಹಾಗೆ.

ಸೀಲರ್ ಆಗಿ ಎರಡು ಮೂರು ದಿನ ಬಿಟ್ಟು ವಾರ್ನಿಷ್. ಮೊದಲ ಕೋಟಿಗೆ ನಾಲ್ಕರಲ್ಲಿ ಒಂದು ಪಾಲು ಟರ್ಪಂಟೈನ್, ಎರಡನೆಯದಕ್ಕೆ ಸ್ವಲ್ಪವೇ, ಆಮೇಲೆ ಏನೂ ಸೇರಿಸದ ನಾಲ್ಕು ಕೋಟು. ಕೋಟಿನ ನಡುವೆ ಒಂದು ಪೂರ್ತಿ ದಿನ, 220 ಅಥವಾ 320ರ ಮರಳುಕಾಗದದಲ್ಲಿ ಹಗುರವಾಗಿ ಉಜ್ಜಿ. ಉಜ್ಜಿದಾಗ ಬಿಳಿ ಪುಡಿ ಬರಬೇಕು. ಕಾಗದಕ್ಕೆ ಮೆತ್ತಿಕೊಂಡರೆ ಇನ್ನೂ ಒಣಗಿಲ್ಲ, ಮನೆಗೆ ಹೋಗಿ. ಕೊನೆಯ ಕೋಟಾದ ಮೇಲೆ ಹತ್ತು ದಿನ ನೀರಿಗಿಳಿಸಬೇಡಿ. ವಾರ್ನಿಷ್ ಮಾತ್ರ ಹೊರಾಂಗಣದ್ದು, ಬಿಸಿಲು ತಡೆಯುವ ಅಂಶ ಇರುವುದು ಬೇಕು. ಒಳಮನೆಯ ಪೀಠೋಪಕರಣಕ್ಕೆ ಹೊಡೆಯುವ ಮೆಲಮೈನ್ ಪಾಲಿಶ್ ತಂದರೆ ಎರಡೇ ಬೇಸಿಗೆಗೆ ಬಿರುಕು.

ಒಂದು ಮಾತು, ನಿಮಗೆ ಹಿಡಿಸದಿರಬಹುದು. ಹೊರಮೈಗೆ ವಾರ್ನಿಷ್ ಬಿಟ್ಟು ಬಣ್ಣ ಹೊಡೆಯಿರಿ. ಮರದ ಗೆರೆ ಕಾಣುವ ದೋಣಿ ಚೆಂದವೇ. ಆದರೆ ಪಾರದರ್ಶಕ ಪದರದೊಳಗೆ ಬಿಸಿಲು ಹೋಗಿ ಮರದ ಮೇಲ್ಮೈಯನ್ನೇ ಸುಡುತ್ತದೆ, ಪ್ಲೈವುಡ್‌ನ ತೆಳು ಮುಖಪದರ ಕೂದಲಿನ ಹಾಗೆ ಬಿರುಕು ಬಿಡುತ್ತದೆ. ಬಣ್ಣದ ಪುಡಿ ಬಿಸಿಲನ್ನು ಅಲ್ಲೇ ತಡೆಯುತ್ತದೆ. ಒಳಗೆ, ಕೂರುವ ಹಲಗೆಗೆ, ಹುಟ್ಟಿಗೆ ವಾರ್ನಿಷ್ ಇಟ್ಟುಕೊಳ್ಳಿ.

ತಳದ ಕೆಳಗೆ ಉದ್ದಕ್ಕೆ ಮೂರು ಗಟ್ಟಿಮರದ ಪಟ್ಟಿ ಹೊಡೆಯಿರಿ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಮುಳುಗಿದ ಕಾಡಿನ ಮೋಟುಗಳು ಇನ್ನೂ ಅಲ್ಲಲ್ಲಿ ನಿಂತಿವೆ. ಅಣೆಕಟ್ಟು ಪೂರ್ತಿ, ಅಂದರೆ ಸಮುದ್ರಮಟ್ಟದಿಂದ 1819 ಅಡಿಗೆ ತುಂಬಿದಾಗ ಅವು ಕಾಣುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ತಳಕ್ಕೆ ಕಚ್ಚುತ್ತವೆ. ಜೊತೆಗೆ ದಡದ ಜಂಬಿಟ್ಟಿಗೆ ಮೇಲೆ ಎಳೆದಾಟ. ಆರು ಕೋಟು ವಾರ್ನಿಷ್ ಒಂದು ಎಳೆತಕ್ಕೆ ಹೋಗುತ್ತದೆ. ಸವೆಯುವುದೇನಿದ್ದರೂ ಪಟ್ಟಿ ಸವೆಯಲಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಸ್ಕ್ರೂ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲಿನದು. ತೂತಿಗೆ ಎಪಾಕ್ಸಿ ಸವರಿಯೇ ತಿರುಗಿಸಿ.

ಮಳೆಗಾಲದಲ್ಲಿ ದೋಣಿಯನ್ನು ಕೊಟ್ಟಿಗೆಯಲ್ಲೋ ಸೋಗೆ ಮಾಡಿನ ಕೆಳಗೋ ಮಗುಚಿ, ಕಲ್ಲಿನ ಮೇಲೆ ಮೊಣಕಾಲೆತ್ತರಕ್ಕೆ ಇಡಿ. ನೆಲಕ್ಕೆ ತಾಗಿದರೆ ಒರಲೆ ಬಿಡುವುದಿಲ್ಲ. ಟಾರ್ಪಾಲ್ ಸುತ್ತಿ ಬಿಗಿದು ಕಟ್ಟಬೇಡಿ. ಒಳಗೆ ಬೆವತು ಬೆವತು ನವರಾತ್ರಿ ಹೊತ್ತಿಗೆ ಅಣಬೆ ಎದ್ದಿರುತ್ತದೆ. ಗಾಳಿ ಆಡಲಿ.

ಲೆಕ್ಕ ಕೇಳಿಲ್ಲ, ಆದರೂ ಹೇಳುತ್ತೇನೆ. 8 ಅಡಿ 4 ಅಡಿಯ ಮೂರು ಹಲಗೆ, ಎರಡೂ ಮುಖ ಸೇರಿ 192 ಚದರಡಿ. ಒಂದು ಲೀಟರ್ ವಾರ್ನಿಷ್ ಒಂದು ಕೋಟಿಗೆ ಸುಮಾರು 100 ಚದರಡಿ ಬರುತ್ತದೆ. ಆರು ಕೋಟಿಗೆ ಹನ್ನೊಂದು ಹನ್ನೆರಡು ಲೀಟರ್ ಆಯಿತು. ಎಪಾಕ್ಸಿ ದುಬಾರಿ ಅಂದಿರಲ್ಲ, ಈ ಹನ್ನೆರಡು ಲೀಟರಿನ ರೇಟನ್ನೂ ಒಮ್ಮೆ ಕೇಳಿ ನೋಡಿ. ಹೊರಮೈಗೆ ಬಣ್ಣ ಅಂದರೆ ವಾರ್ನಿಷ್ ಅರ್ಧಕ್ಕಿಳಿಯುತ್ತದೆ. ಉಳಿದ ದುಡ್ಡಿಗೆ ಒಂದು ಲೈಫ್ ಜಾಕೆಟ್ ತನ್ನಿ, ದೋಣಿ ಎಷ್ಟೇ ಚೆನ್ನಾಗಿದ್ದರೂ.

ಇಷ್ಟೆಲ್ಲ ಹಚ್ಚುವ ಮೊದಲು, ಎರಡು ತುಂಡಿಗೆ ಇದನ್ನೇ ಮಾಡಿ. ಒಂದರ ಅಂಚಿಗೆ ಎಪಾಕ್ಸಿ, ಇನ್ನೊಂದರ ಅಂಚಿಗೆ ಬರೀ ಸೀಲರ್. ತೂಕ ಬರೆದಿಟ್ಟು, ಕಲ್ಲು ಕಟ್ಟಿ ಬಾವಿಕಟ್ಟೆಯ ಬಕೆಟ್ಟಿನಲ್ಲಿ ಹದಿನೈದು ದಿನ ಮುಳುಗಿಸಿಡಿ. ತೆಗೆದು ಒರೆಸಿ ಮತ್ತೆ ತೂಗಿ, ಎರಡರ ತೂಕವನ್ನೂ ನನಗೆ ಬರೆಯಿರಿ.